ಬಾಳೆಹಣ್ಣಿನ ದೆವ್ವಕ್ಕೊಂದು ಕನ್ನಡಕ

ಸಮರ್‌ಸೆಟ್, ಅಕ್ಟೋಬರ್ 29

ವೀರೇಂದ್ರ ಅವರಿಗೆ, ನಿಮ್ಮ ಧಾತ್ರಿಯನ್ನು ಸಂಜೆ ಹೊತ್ತು ನೋಡಿಕೊಳ್ಳುವ ಶಾಂಭವಿ ಆಂಟಿಯ ನಮಸ್ಕಾರ.

ಹ್ಯಾಲೋವೀನ್ ಪಾರ್ಟಿಗೆ ಕ್ಯಾಂಡಿ ಬೇಡವೆಂದು ಇಂದು ಮಕ್ಕಳ ಕೈಯಲ್ಲೇ ಹಣ್ಣಿನ ತಿಂಡಿ ಮಾಡಿಸಿದೆ. ಸುಲಿದ ಕಿತ್ತಳೆ ಕುಂಬಳಕಾಯಿಯಾಯಿತು. ಅರ್ಧ ಬಾಳೆಹಣ್ಣಿಗೆ ಚಾಕೊಲೇಟ್ ಚಿಪ್ಸ್ ಕಣ್ಣಿಟ್ಟರೆ ದೆವ್ವ. ಮಕ್ಕಳು ಹನ್ನೆರಡು, ದೆವ್ವ ಹದಿಮೂರು. ನನ್ನ ಎಣಿಕೆ ತಪ್ಪುವುದಿಲ್ಲ, ನಿಮಗೇ ಗೊತ್ತು.

“ಇದು ಯಾರದೇ, ಪುಟ್ಟಿ?” ಎಂದು ಧಾತ್ರಿಯನ್ನು ಕೇಳಿದೆ.

“ಅಮ್ಮಂದು, ಆಂಟಿ. ಬಟ್ ಶಿ ನೀಡ್ಸ್ ಹರ್ ಗ್ಲಾಸಸ್. ಹೌ ವಿಲ್ ಶಿ ಫೈಂಡ್ ದ ನ್ಯೂ ಹೌಸ್?”

ತಪ್ಪು ನನ್ನದೇ. ಮಹಾಲಯ ಅಮಾವಾಸ್ಯೆಯಂದು, ತೀರಿಹೋದ ನಮ್ಮ ಯಜಮಾನರಿಗೆ ಎಡೆ ಇಟ್ಟಾಗ ಪಕ್ಕದಲ್ಲಿ ಅವರ ಕನ್ನಡಕವನ್ನೂ ಇಟ್ಟಿದ್ದೆ. ಇವಳು ನೋಡುತ್ತ ನಿಂತಿದ್ದಳು.

ಇವಳಮ್ಮ ಕೀರ್ತಿ ತೀರಿಹೋದ ಮೇಲೆ ಪಾರ್ಸಿಪನಿಯ ಹಳೆ ಮನೆಯಿಂದ ತಂದ ಆರು ಪೆಟ್ಟಿಗೆಗಳನ್ನು ನೀವು ಇನ್ನೂ ಬಿಚ್ಚಿಲ್ಲ. ನಿಮ್ಮ ಗ್ಯಾರೇಜಿನಲ್ಲಿ ಕಂಡಿದ್ದೇನೆ. ಅವಳ ಕನ್ನಡಕ ಅವುಗಳಲ್ಲೇ ಇರಬೇಕು. ಹುಡುಕಿ, ಶುಕ್ರವಾರ ಐದಕ್ಕೆ ನೀವೇ ತನ್ನಿ. ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡಿ.

ಆ ದೆವ್ವವನ್ನು ಫ್ರೀಜರಿನಲ್ಲಿಟ್ಟಿದ್ದೇನೆ. ಬಾಗಿಲು ತೆಗೆದಾಗಲೆಲ್ಲ, ಬಂದವರು ಯಾರೆಂದು ಗುರುತು ಸಿಗದೆ ಅದು ಕಣ್ಣು ಕಿರಿದು ಮಾಡಿ ನೋಡಿದಂತಾಗುತ್ತದೆ.

ದಾರಿ ಕಾಯುತ್ತಿರುವ,
ಶಾಂಭವಿ