ಸರಾಸರಿಗೆ ಅಡ್ಡಬಂದ ಎಮ್ಮೆ

ಮುಳಬಾಗಿಲು ತಾಲ್ಲೂಕು
12-8-1984

ನಮ್ಮೂರ ಹಾಲು ಸಂಘದ ಅಧ್ಯಕ್ಷರಾದ ಕೋದಂಡರಾಮಪ್ಪನವರಿಗೆ, ನಿರ್ದೇಶಕ ವೆಂಕಟರಾಯಪ್ಪನ ನಮಸ್ಕಾರಗಳು.

ಸದಸ್ಯರೊಬ್ಬರಿಗೆ ದಿನಕ್ಕೆ ಸರಾಸರಿ ನಾಲ್ಕು ಲೀಟರು ಎಂಬ ಗುರಿ ಮುಟ್ಟಿದ್ದಕ್ಕೆ ಜಿಲ್ಲಾ ಒಕ್ಕೂಟದವರು ಸಂಘಕ್ಕೆ ಫಲಕ ಕೊಡುತ್ತಾರೆಂದು ಕೇಳಿದೆ. ಗುರಿ ಮುಟ್ಟಿದ್ದು ಹಾಲು ಹೆಚ್ಚಿ ಅಲ್ಲ. ನಾನು ಮಾಲೂರಿಗೆ ಮದುವೆಗೆ ಹೋಗಿದ್ದ ದಿನ ಸಭೆ ಕರೆದು, ಲೀಟರಿಗಿಂತ ಕಡಿಮೆ ತರುವ ಹನ್ನೊಂದು ಹೆಂಗಸರ ಹೆಸರು ಹೊಡೆದುಹಾಕಿದಿರಿ. ಹಾಲು ಇಳಿಯಿತು, ಸರಾಸರಿ ಏರಿತು. ಇಂಥ ಲೆಕ್ಕ ನನಗೂ ಬರುತ್ತಿರಲಿಲ್ಲ.

ಒಂದೇ ಎಮ್ಮೆ ಇಟ್ಟುಕೊಂಡಿರುವ ಅಕ್ಕಯಮ್ಮ ನಿನ್ನೆ ಡೈರಿ ಬಾಗಿಲಿನಿಂದ ಹಾಲಿನ ಚೊಂಬು ವಾಪಸು ಹೊತ್ತುಕೊಂಡು ನೇರ ನಮ್ಮ ಮನೆಗೆ ಬಂದಳು. "ಏನ್ಲಾ ವೆಂಕಟರಾಯ, ಸಂಘ ಮಾಡೋದೇ ನಿಮ್ಮಂತೋರಿಗೆ ಅಂತ ಮನೆಮನೆಗೂ ಬಂದು ಹೇಳ್ದೋನು ನೀನೇ ಅಲ್ವೇನೋ? ಈಗ ನನ್ನೆಮ್ಮೆ ನಿಮಗೆ ಅಡ್ಡ ಬಂತಾ?" ಅಂದಳು. ಮಾತಿನಿಂದಲೇ ಮೇಲೆ ಬಂದವನು ನಾನು. ಆದರೂ ಮಾತು ಬಿಟ್ಟು ಸಂಘದ ನಿಯಮಾವಳಿ ತೆಗೆದು ಕೂತೆ.

ನಮ್ಮ ನಿಯಮಾವಳಿಯ ಮೊದಲ ಪುಟದಲ್ಲಿ, 'ಉದ್ದೇಶ' ಎಂಬಲ್ಲಿ, ಸಣ್ಣ ರೈತರ ಹಾಲಿಗೆ ದಾರಿ ಮಾಡುವುದು ಎಂದಿದೆ. ಫಲಕದ ಮಾತು ಎಲ್ಲಾದರೂ ಇದೆಯೇ ಎಂದು ಕೊನೆಯ ಪುಟದವರೆಗೂ ಹುಡುಕಿದೆ. ಇಲ್ಲ.

ನನ್ನ ಐದು ಹಸುಗಳ ಮೂವತ್ತು ಲೀಟರು ನಿಮ್ಮ ಸರಾಸರಿಯನ್ನು ಎತ್ತಿ ಹಿಡಿದಿರುವುದು ನಿಮಗೆ ಗೊತ್ತು. ಶುಕ್ರವಾರದೊಳಗೆ ಹನ್ನೊಂದು ಹೆಸರನ್ನೂ ಮತ್ತೆ ಸೇರಿಸಿ. ಇಲ್ಲವಾದರೆ ಶನಿವಾರದಿಂದ ನಾನು ಡೈರಿಗೆ ಅರ್ಧ ಲೀಟರು ಮಾತ್ರ ತರುತ್ತೇನೆ, ಉಳಿದದ್ದು ಪೇಟೆಯ ಹೋಟೆಲಿಗೆ ಹೋಗುತ್ತದೆ. ಆಗ ನಿಮ್ಮ ನಿಯಮದಂತೆ ನನ್ನನ್ನೂ ಹೊಡೆದುಹಾಕಬೇಕಾಗುತ್ತದೆ. ದಯವಿಟ್ಟು ಕೈಬಿಟ್ಟವರ ಪಟ್ಟಿಯಲ್ಲಿ ನನ್ನ ಹೆಸರನ್ನು ಅಕ್ಕಯಮ್ಮನ ಹೆಸರಿನ ಕೆಳಗೇ ಬರೆಸಿ.

ಇಂತಿ, ಶುಕ್ರವಾರದವರೆಗೆ ತಮ್ಮ ಸದಸ್ಯ,
ವೆಂಕಟರಾಯಪ್ಪ