ಪ್ಲೈವುಡ್ಡಿನ ಆಚೆ ಕಡೆ

ಭಾನುವಾರ, ನವೆಂಬರ್ ೧೬

ಪ್ರೀತಿಯ ಗುಬ್ಬಿಗೆ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನನ್ನ ಮಂಡಿನೋವು ಹಾಗೇ ಇದೆ, ಅಮ್ಮನ ಕಿವಿ ಇನ್ನಷ್ಟು ಮಂದವಾಗಿದೆ, ಉಳಿದಂತೆ ಸುಖ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟಿನಲ್ಲಿ ಬರೆದರೆ ಹರಿದುಹಾಕಿ ಮತ್ತೆ ಬರೆಯಬೇಕಾಗುತ್ತದೆ, ಸುಮ್ಮನೆ ಹಾಳೆ ದಂಡ. ತಣ್ಣಗಾಗಲಿ ಎಂದು ಕಾದೆ. ಪೂರ್ತಿ ತಣ್ಣಗಾಗಿಲ್ಲ, ಆದರೂ ಬರೆಯುತ್ತಿದ್ದೇನೆ.

"ಅಣ್ಣನ ಬಾಡಿಗೆ ಬಾಕಿ ಈ ಒಂದು ಸಲ ನೀನೇ ಕಟ್ಟಿಬಿಡಕ್ಕ, ಇಲ್ಲದಿದ್ದರೆ ತಿಂಗಳ ಕೊನೆಗೆ ಅವನ ಅಂಗಡಿ ಹೋಗುತ್ತೆ" ಎಂದು ಬರೆದಿದ್ದೀಯ. ಈ ಒಂದು ಸಲವಂತೆ! ಅವನು ನಿನಗೆ ಅಣ್ಣ, ನನಗೆ ತಮ್ಮ. ಆದರೆ ಈ ಕಾಗದದಲ್ಲಿ ‘ನಿನ್ನ ಅಣ್ಣ’ ಎಂದೇ ಬರೆಯುತ್ತೇನೆ. ಸದ್ಯಕ್ಕೆ ಆ ಸಂಬಂಧ ನಿನ್ನ ಪಾಲಿಗೇ ಇರಲಿ.

ಅಪ್ಪ ಹೋದ ಮೇಲೆ ಫೋಟೋ ಫ್ರೇಮಿನ ಅಂಗಡಿಯನ್ನು ನಾನೂ ಅವನೂ ಸರಿಯಾಗಿ ಅರ್ಧ ಮಾಡಿಕೊಂಡದ್ದನ್ನು ನೀನೇ ನಿಂತು ನೋಡಿದ್ದೀಯ. ಅದೇ ಬೀದಿ, ಅದೇ ಗಿರಾಕಿಗಳು, ಒಂದೇ ಲಾರಿಯಿಂದ ಇಳಿಯುವ ಗಾಜು. ನಡುವೆ ಇಟ್ಟಿಗೆ ಗೋಡೆಗೆ ಮೇಸ್ತ್ರಿ ಬಾಯಿಗೆ ಬಂದಷ್ಟು ಕೇಳಿದ. ಹಾಗಾಗಿ ನಾನೇ ಪ್ಲೈವುಡ್ ಹೊಡೆಸಿದೆ. ಅಲ್ಲಿ ಉಳಿಸಿದ್ದಕ್ಕೆ ಈಗ ಆಚೆ ಕಡೆಯ ಹರಟೆ, ನಗು, ಚಹಾ ಲೋಟದ ಸದ್ದು ಎಲ್ಲವನ್ನೂ ಪುಕ್ಕಟೆ ಕೇಳಿಸಿಕೊಳ್ಳುತ್ತಿದ್ದೇನೆ.

ನಿನ್ನ ಅಣ್ಣ ಕೆಲಸ ಮಾಡುವ ಚೆಂದ ಹೇಳುತ್ತೇನೆ ಕೇಳು. ಅಂಗೈಯಗಲದ ಫೋಟೋ ಬಂದರೂ ಮೂಲೆಯಲ್ಲಿರುವ ತುಂಡು ಗಾಜುಗಳನ್ನು ಹುಡುಕುವುದಿಲ್ಲ. ಹೊಸ ಹಾಳೆ ಎಳೆದು ನಡುವಿನಿಂದಲೇ ಕೊಯ್ಯುತ್ತಾನೆ. ಉಳಿದದ್ದನ್ನು ಗೋಡೆಗೆ ಒರಗಿಸುತ್ತಾನೆ, ಹೋಗಿಬರುವವರ ಕಾಲು ತಾಗಿ ಅದು ಪುಡಿಯಾಗುತ್ತದೆ. ಬೈದರೆ, "ಇರ್ಲಿ ಬಿಡಕ್ಕ, ಗಾಜು ಅಂದ್ಮೇಲೆ ಒಡೆಯುತ್ತೆ" ಅನ್ನುತ್ತಾನೆ. ಅಂಥ ತುಂಡುಗಳಲ್ಲೇ ನಾನು ಪುಟ್ಟ ಪುಟ್ಟ ಫ್ರೇಮು ಮಾಡಿ ಬಾಗಿಲಲ್ಲಿ ನೇತುಹಾಕುತ್ತೇನೆ. ನನ್ನ ಬಾಡಿಗೆ ಹುಟ್ಟುವುದೇ ಅದರಲ್ಲಿ.

ಬರಬೇಕಾದ ದುಡ್ಡನ್ನು ಬಂದ ದುಡ್ಡು ಎಂದುಕೊಳ್ಳುವುದು ಅವನ ದೊಡ್ಡ ಕಾಯಿಲೆ. ಹೋದ ವರ್ಷ ಒಂದು ಆಫೀಸಿನವರು ಗೋಡೆ ತುಂಬ ಹಾಕುವಷ್ಟು ಫ್ರೇಮು ಬೇಕೆಂದು ಮುಂಗಡ ಕೊಟ್ಟರು. ಮಾರನೆಯ ದಿನ ಅಂಗಡಿಗೆ ಮರ ಬರಲಿಲ್ಲ, ತಿರುಗುವ ಕುರ್ಚಿ ಬಂತು! "ಮರ ಎಲ್ಲೋ?" ಎಂದೆ. "ಬರುತ್ತೆ ಬಿಡಕ್ಕ, ಮೊದ್ಲು ಅಂಗಡಿಗೊಂದು ಕಳೆ ಬೇಡ್ವಾ?" ಎಂದು ಒಂದು ಸುತ್ತು ತಿರುಗಿ ತೋರಿಸಿದ. ಕೊನೆಗೆ ಆ ಆರ್ಡರು ಪ್ಲೈವುಡ್ ದಾಟಿ ನನ್ನ ಕಡೆಗೇ ಬಂತು. ಅವನಿಗೆ ಅದರ ಬಗ್ಗೆ ಹೊಟ್ಟೆಕಿಚ್ಚೂ ಇಲ್ಲ. ಹೊಟ್ಟೆಕಿಚ್ಚು ಪಡಲಿಕ್ಕೂ ಸ್ವಲ್ಪ ಲೆಕ್ಕ ಬರಬೇಕಲ್ಲ.

ಇನ್ನು ಎದುರುಗಡೆಯ ಸಲೂನಿನವನು. ಬೆಳಿಗ್ಗೆಯೇ ಆಚೆ ಕಡೆ ಬಂದು ಕೂರುತ್ತಾನೆ, ನಿನ್ನ ಅಣ್ಣನ ಕಾಸಿನಲ್ಲಿ ಚಹಾ ಕುಡಿಯುತ್ತಾನೆ, ಬಾಯ್ತುಂಬ ‘ದೊರೆ’ ಅನ್ನುತ್ತಾನೆ. ಈಗ ಇಡೀ ಬೀದಿಗೆ ನಿನ್ನ ಅಣ್ಣ ದೊರೆಯೇ. ಒಂದು ಲೋಟ ಚಹಾಕ್ಕೆ ಇಷ್ಟು ದೊಡ್ಡ ಪಟ್ಟ ಸಿಗುವುದಾದರೆ ಯಾರಿಗೆ ಬೇಡ?

ಎಲ್ಲಕ್ಕಿಂತ ಮೇಲೆ ಅವನ ಧರ್ಮ. ತೀರಿಹೋದವರ ಫೋಟೋಕ್ಕೆ ಅವನು ಕಾಸು ಮುಟ್ಟುವುದಿಲ್ಲ. "ಅಳ್ತಾ ಬಂದವರ ಹತ್ರ ಹೇಗಕ್ಕ ಕೇಳೋದು?" ಅನ್ನುತ್ತಾನೆ. ಅಲ್ಲ ಗುಬ್ಬಿ, ಬದುಕಿರುವವರೆಲ್ಲ ತಮ್ಮ ಫೋಟೋ ಫೋನಿನಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ನಮ್ಮ ಕಸುಬು ನಿಂತಿರುವುದೇ ಸತ್ತವರ ಮೇಲೆ. ಅವರನ್ನೂ ಬಿಟ್ಟರೆ ಇನ್ಯಾರ ಹತ್ತಿರ ಕೇಳುವುದು? ನನ್ನ ಕಡೆಗೂ ಅಳುತ್ತಾ ಬರುತ್ತಾರೆ. ಕೂರಿಸುತ್ತೇನೆ, ನೀರು ಕೊಡುತ್ತೇನೆ, ಅಳತೆ ತೆಗೆದುಕೊಂಡು ಬಿಲ್ ಕೊಡುತ್ತೇನೆ. ಅದರಲ್ಲಿ ತಪ್ಪೇನಿದೆ?

ಆದ್ದರಿಂದ ಬಾಡಿಗೆ ನಾನು ಕಟ್ಟುವುದಿಲ್ಲ. ಮಾಲೀಕರ ಹತ್ತಿರ ಮಾತಾಡಿ ಆಗಿದೆ. ನಿನ್ನ ಅಣ್ಣ ಖಾಲಿ ಮಾಡಿದ ದಿನವೇ ಆ ಅರ್ಧವೂ ನನ್ನದು. ಪ್ಲೈವುಡ್ಡನ್ನು ಒಡೆಯದೆ ಜೋಪಾನವಾಗಿ ಬಿಚ್ಚಬೇಕೆಂದು ಬಡಗಿಗೆ ಹೇಳಿದ್ದೇನೆ, ಕಪಾಟಿಗಾಗುತ್ತದೆ. ನಿನ್ನ ಅಣ್ಣ ಬೇಕಾದರೆ ನನ್ನ ಕೈಕೆಳಗೆ ಸಂಬಳಕ್ಕೆ ದುಡಿಯಲಿ. ಚಹಾ ಮಾತ್ರ ಅವನ ಖರ್ಚು. ದೂರದಲ್ಲಿ ಕೂತು ಅಯ್ಯೋ ಪಾಪ ಅನ್ನುವುದು ನಿನಗೆ ಸುಲಭ, ಅದಕ್ಕೇನು ಬಾಡಿಗೆ ಇಲ್ಲವಲ್ಲ.

ಅಮ್ಮನ ವಿಷಯ ಕೇಳಿದ್ದೀಯ. ಇರುವುದು ನನ್ನ ಮನೆಯಲ್ಲೇ. ಊಟ, ಮಾತ್ರೆ, ಕನ್ನಡಕ ಎಲ್ಲ ನನ್ನದೇ. ಬೆಳಿಗ್ಗೆ ನನ್ನ ಜೊತೆ ಅಂಗಡಿಗೆ ಬರುತ್ತಾಳೆ, ಬಂದವಳೇ ಆಚೆ ಕಡೆ ಹೋಗಿ ಆ ತಿರುಗುವ ಕುರ್ಚಿಯಲ್ಲಿ ಕೂತುಬಿಡುತ್ತಾಳೆ. ಈ ಕಡೆ ಸೆಕೆಯಂತೆ. ಫ್ಯಾನಿದೆ ತಾನೇ? ಗಿರಾಕಿ ಬಂದಾಗ ಹಾಕುತ್ತೇನಲ್ಲ! ಅಂಗಡಿ ಒಂದಾಗುವ ವಿಷಯ ಅವಳಿಗೂ ಹೇಳಿದೆ. "ಹೂಂ" ಅಂದಳು, ಅಷ್ಟೇ.

ಮಕ್ಕಳಿಗೆ ನನ್ನ ಮುದ್ದು. ದೊಡ್ಡವಳು ಕೈಯಲ್ಲಿ ಕಾಸು ನಿಲ್ಲಿಸುವುದನ್ನು ಈಗಲೇ ಕಲಿಯಲಿ, ಸೋದರಮಾವನ ಗಾಳಿ ಸೋಕದಿರಲಿ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾಜಾ ಕಲಮು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮೊನ್ನೆ ಅಮ್ಮ ನನಗೆ ಹೇಳದೆ ತಲೆ ಬಾಚಿಕೊಂಡು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದಳು. ನೇರ ಆಚೆ ಕಡೆ ಹೋದಳು. ಕಿವಿ ಮಂದವಾದ ಮೇಲೆ ಅವಳು ಪಿಸುಗುಟ್ಟಿದರೂ ಕೂಗಿದ ಹಾಗೇ ಇರುತ್ತದೆ. "ನಾನು ಹೋದ್ಮೇಲೆ ಗೋಡೆಗೆ ಹಾಕೋಕೆ ಬೇಕಲ್ಲಪ್ಪ. ಅಂಗಡಿ ಬಿಡೋಕೆ ಮುಂಚೆ ನೀನೇ ಇದಕ್ಕೊಂದು ಫ್ರೇಮ್ ಹಾಕ್ಬಿಡು" ಅಂದಳು. ಅವನು, "ಅಕ್ಕನ ಹತ್ರ ಒಳ್ಳೇ ಮರ ಇದೆಯಮ್ಮ, ಅವಳಿಗೇ ಕೊಡು" ಅಂದ. "ಬೇಡಪ್ಪ, ಅವಳು ಬಿಲ್ ಹಾಕ್ತಾಳೆ" ಅಂದಳು ಅಮ್ಮ.

ಆ ಕಡೆ ಎಲ್ಲದಕ್ಕೂ ಗೊಳ್ಳೆಂದು ನಗುತ್ತಾರೆ. ಆವತ್ತು ಯಾರೂ ನಗಲಿಲ್ಲ, ಆ ಸಲೂನಿನವನೂ ನಗಲಿಲ್ಲ.

ನೀನೇ ಹೇಳು ಗುಬ್ಬಿ, ಅಮ್ಮನಿಗೆ ನಾನು ಬಿಲ್ ಹಾಕುತ್ತೇನಾ? ಅವಳ ಫೋಟೋಕ್ಕೆಂದೇ ಒಳ್ಳೆಯ ತೇಗದ ಪಟ್ಟಿ ತೆಗೆದಿಟ್ಟಿದ್ದೇನೆ. ಎಷ್ಟೋ ಜನ ಕೇಳಿದರು, ಮಾರಲಿಲ್ಲ. ಹಳೆ ಬಟ್ಟೆ ಸುತ್ತಿ ಅಟ್ಟದ ಮೇಲೆ ಜೋಪಾನವಾಗಿಟ್ಟಿದ್ದೇನೆ. ಮರದ ಬೆಲೆ ಇಳಿದಿದ್ದಾಗ ನೋಡಿ ಕೊಂಡಿಟ್ಟದ್ದು ಅದು.