ಪುಟ್ಟಿಯೂ ಕಲಿತಳು

ಅಕ್ಕನಿಗೆ ತಮ್ಮನ ನಮಸ್ಕಾರ.

ಮಾತು ಬಿಟ್ಟ ಮಗುವೊಂದು ನಾಯಿಮರಿಯನ್ನು ಗದರಿಸುತ್ತಲೇ ಮಾತಿಗೆ ಮರಳಿದ ಕಥೆಯನ್ನು ಮೊದಲು ಹೇಳಿದವನು ಕ್ಷೌರದಂಗಡಿಯ ಕತ್ತರಿ ಮಾಮ, ಹೋದ ತಿಂಗಳು, ನನ್ನ ಗಡ್ಡ ಹೆರೆಯುತ್ತ. ಅವನ ಕತ್ತರಿಗಿಂತ ನಾಲಿಗೆ ಚುರುಕೆಂದು ನಿನಗೂ ಗೊತ್ತು. ಆದರೂ ನನ್ನ ಪುಟ್ಟಿ ಅವಳಮ್ಮ ತೀರಿಕೊಂಡಾಗಿನಿಂದ ತುಟಿ ಬಿಚ್ಚಿಲ್ಲವಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವನೇ ತಂದುಕೊಟ್ಟ ಮರಿಯನ್ನು ಇಟ್ಟುಕೊಂಡೆ.

ಸೈಕಲ್ ರಿಪೇರಿ ಮುಗಿಸಿ ಬಂದು, ಬಿಸ್ಕತ್ತಿನ ಚೂರು ಹಿಡಿದು, ಮರಿಗೆ ‘ಕೂತ್ಕೋ’, ‘ಅಲ್ಲೇ ಇರು’, ‘ಬಾ’ ಎಂದು ಕಲಿಸಿದೆ. ನನ್ನಿಂದ ಕೇಳಿ ಪುಟ್ಟಿಯೂ ಮರಿಗೆ ಹುಕುಂ ಮಾಡಲಿ ಎಂಬ ಆಸೆ. ಮರಿ ಬೇಗ ಕಲಿಯಿತು. ಪುಟ್ಟಿಯೂ ಕಲಿತಳು, ಅಕ್ಕಾ. ‘ಕೂತ್ಕೋ’ ಎಂದರೆ ಮರಿಯ ಪಕ್ಕ ತಾನೂ ಕೂರುತ್ತಾಳೆ. ‘ಅಲ್ಲೇ ಇರು’ ಎಂದರೆ ಅಲ್ಲಾಡುವುದಿಲ್ಲ. ಮೊನ್ನೆ ಮರಿಯ ಹಾಗೆಯೇ ಬಿಸ್ಕತ್ತಿಗಾಗಿ ಬಾಯಿ ತೆರೆದಳು. ಆ ಬಾಯಿ ತೆರೆಯಲೆಂದೇ ಇಷ್ಟು ದಿನ ಕಾದಿದ್ದೆ.

ಮರಿಯನ್ನು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ? ಹಾಲು ಅದಕ್ಕೆ ಆಗುವುದಿಲ್ಲ. ಗುಡುಗಿಗೆ ಹೆದರುತ್ತದೆ.

ನಿನ್ನೆ ಕತ್ತರಿ ಮಾಮನಿಗೆ ಇದನ್ನೆಲ್ಲ ಹೇಳಿದೆ. “ನನ್ನ ಕಥೇನ ನಂಬೋ ಪುಣ್ಯಾತ್ಮ ನೀನೊಬ್ನೇ ಕಣೋ,” ಎಂದ. ಇವತ್ತು ಬೆಳಿಗ್ಗೆ, ನಿನ್ನ ಉತ್ತರ ಬರುವವರೆಗೆ ಮರಿಯನ್ನು ತಾನೇ ಇಟ್ಟುಕೊಳ್ಳುತ್ತೇನೆಂದು ಬಂದ. ಹೊಸ್ತಿಲಲ್ಲಿ ನಿಂತು ‘ಬಾ’ ಎಂದ. ಇಬ್ಬರೂ ಎದ್ದು ಹೊರಟರು. ಮಗಳನ್ನು ತಡೆಯಲು ನನ್ನ ಬಾಯಿಗೆ ಬಂದದ್ದು ‘ಅಲ್ಲೇ ಇರು’ ಎಂಬ ಮಾತೇ.

ಇಬ್ಬರೂ ನಿಂತರು.

ಬೇಗ ಬರೆ.

ನಿನ್ನ ತಮ್ಮ